ವೇಗಮಿತಿ ಇಳಿಸಿದರೆ ಸಾವು ತಗ್ಗುವುದೇ?

ಪ್ರಶ್ನೆ: ರಸ್ತೆಯ ವೇಗಮಿತಿಯನ್ನು ಇಳಿಸಿದರೆ ಸಾವುಗಳು ನಿಜವಾಗಿಯೂ ಕಡಿಮೆಯಾಗುತ್ತವೆಯೇ? ಅಪಘಾತಕ್ಕೆ ವೇಗಕ್ಕಿಂತ ಚಾಲಕರ ಅಜಾಗರೂಕತೆಯೇ ಕಾರಣವೆಂದು ನಾನು ಭಾವಿಸಿದ್ದೇನೆ. ಜರ್ಮನಿಯ ಆಟೋಬಾನ್ ಹೆದ್ದಾರಿಗಳ ಬಹುಭಾಗದಲ್ಲಿ ಮಿತಿಯೇ ಇಲ್ಲದಿದ್ದರೂ ಅಲ್ಲಿ ಸಾವುಗಳು ಕಡಿಮೆಯಂತೆ. ಹಾಗಿರುವಾಗ ಗಂಟೆಗೆ 50 ಕಿಲೋಮೀಟರ್ ಇರುವ ಮಿತಿಯನ್ನು 30ಕ್ಕೆ ತಂದು ಏನು ಪ್ರಯೋಜನ?

ಉತ್ತರ: ಕಡಿಮೆಯಾಗುತ್ತವೆ. ಆದರೆ ಫಲಕದ ಮೇಲಿನ ಅಂಕಿ ಎಷ್ಟು ಇಳಿಯಿತು ಎಂಬುದರಿಂದಲ್ಲ, ವಾಹನಗಳು ಓಡುವ ವೇಗ ಎಷ್ಟು ಇಳಿಯಿತು ಎಂಬುದರಿಂದ ಫಲ ನಿರ್ಧಾರವಾಗುತ್ತದೆ.

ಅಜಾಗರೂಕತೆ ದೊಡ್ಡ ಕಾರಣವೆಂಬ ನಿಮ್ಮ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಚ್ಚರದಿಂದಿರುವ ಚಾಲಕನಿಗೂ ಅಪಾಯವನ್ನು ಕಂಡು ಬ್ರೇಕ್ ಒತ್ತಲು ಸುಮಾರು ಒಂದು ಸೆಕೆಂಡಾದರೂ ಬೇಕು. ಮಗುವೊಂದು ಹಠಾತ್ತನೆ ರಸ್ತೆಗೆ ಓಡಿ ಬಂದಿತೆಂದು ಭಾವಿಸಿ. 30 ಕಿಲೋಮೀಟರ್ ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರ್ ಸಾಗಿ, ಒಣ ರಸ್ತೆಯಲ್ಲಿ ಮತ್ತೆ 5 ಮೀಟರ್ ದೂರದೊಳಗೆ ಪೂರ್ತಿ ನಿಲ್ಲುತ್ತದೆ. 50ರ ವೇಗದ ಕಾರು ಅದೇ ಸೆಕೆಂಡಿನಲ್ಲಿ 14 ಮೀಟರ್ ಸಾಗುತ್ತದೆ. ಅಂದರೆ ಮೊದಲ ಕಾರು ನಿಂತುಬಿಟ್ಟ ಜಾಗವನ್ನು ಎರಡನೆಯದು ಬ್ರೇಕ್ ಹಿಡಿಯುವ ಮೊದಲೇ, ವೇಗ ಕೊಂಚವೂ ತಗ್ಗದೆ ದಾಟಿರುತ್ತದೆ. ಇಬ್ಬರು ಚಾಲಕರೂ ಒಂದೇ ಎಚ್ಚರದಲ್ಲಿದ್ದರೂ ಮಗುವಿನ ಪಾಲಿಗೆ ಫಲ ಬೇರೆಯೇ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 50ರಲ್ಲಿ ಬೀಳುವ ಪೆಟ್ಟು 30ರ ಪೆಟ್ಟಿನ ಎರಡೂವರೆ ಪಟ್ಟಿಗಿಂತಲೂ ಹೆಚ್ಚು.

ಸ್ವೀಡನ್ನಿನ ಸಂಶೋಧಕ ಗೋರಾನ್ ನಿಲ್ಸನ್ ಅವರು ರೂಪಿಸಿದ ಸೂತ್ರದ ಪ್ರಕಾರ ಮಾರಣಾಂತಿಕ ಅಪಘಾತಗಳು ಸರಾಸರಿ ವೇಗದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತವೆ. ವೇಗ ಶೇಕಡಾ 5ರಷ್ಟು ತಗ್ಗಿದರೆ ಅಂಥ ಅಪಘಾತಗಳು ಶೇಕಡಾ 19ರಷ್ಟು ತಗ್ಗುತ್ತವೆ ಎಂದರ್ಥ. ನಗರದ ರಸ್ತೆಗಳಲ್ಲಿ ಈ ಪರಿಣಾಮ ತುಸು ಕಡಿಮೆಯೆಂದು ಮುಂದಿನ ಅಧ್ಯಯನಗಳು ತಿದ್ದಿವೆಯಾದರೂ ದಿಕ್ಕು ಬದಲಾಗಿಲ್ಲ.

ಈ ವಾದಕ್ಕೆ ಬಲ ಕೊಡಲು ಅಮೆರಿಕದ ಉದಾಹರಣೆಯನ್ನು ಹಲವರು ಎತ್ತುತ್ತಾರೆ. ತೈಲ ಬಿಕ್ಕಟ್ಟಿನಿಂದಾಗಿ 1974ರಲ್ಲಿ ಅಲ್ಲಿ ಗಂಟೆಗೆ 55 ಮೈಲಿಯ ರಾಷ್ಟ್ರೀಯ ಮಿತಿ ಜಾರಿಗೆ ಬಂದಿತು. 1973ರಲ್ಲಿ 54,000 ಮೀರಿದ್ದ ರಸ್ತೆ ಸಾವುಗಳು ಆ ವರ್ಷ ಸುಮಾರು 45,000ಕ್ಕೆ ಇಳಿದವು. ಆದರೆ ಪೆಟ್ರೋಲ್ ಅಭಾವದಿಂದ ಜನರ ಓಡಾಟವೂ ಆಗ ಕಡಿಮೆಯಾಗಿತ್ತು. ಆದ್ದರಿಂದ ಆ ಇಳಿಕೆಯನ್ನೆಲ್ಲ ಮಿತಿಯೊಂದರ ಲೆಕ್ಕಕ್ಕೇ ಬರೆಯುವುದು ನ್ಯಾಯವಲ್ಲ.

ನನಗೆ ಹೆಚ್ಚು ಮನದಟ್ಟಾಗುವುದು ಬ್ರಿಟನ್ನಿನ ಎರಡು ಅಧ್ಯಯನಗಳು. ಲಂಡನ್ನಿನಲ್ಲಿ ಗಂಟೆಗೆ 20 ಮೈಲಿ, ಎಂದರೆ ಸುಮಾರು 32 ಕಿಲೋಮೀಟರ್ ಮಿತಿಯ ವಲಯಗಳನ್ನು ರಚಿಸಿದಾಗ ಫಲಕದ ಜೊತೆಗೆ ರಸ್ತೆಯುಬ್ಬು ಮೊದಲಾದ ತಡೆಗಳನ್ನೂ ನಿರ್ಮಿಸಿದರು. 1986ರಿಂದ 2006ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವು ಅಂಥ ವಲಯಗಳಲ್ಲಿ ಸಾವುನೋವುಗಳು ಸುಮಾರು ಶೇಕಡಾ 42ರಷ್ಟು ಕಡಿಮೆಯಾದವೆಂದು ತೋರಿಸಿತು. ಬೇರೆಡೆಗಳಲ್ಲಿ ಅದೇ ಮಿತಿಯನ್ನು ಬಹುಮಟ್ಟಿಗೆ ಫಲಕಗಳಿಂದಷ್ಟೇ ಜಾರಿಗೆ ತಂದ ಪ್ರದೇಶಗಳ ಬಗ್ಗೆ ಅಲ್ಲಿನ ಸರ್ಕಾರ 2018ರಲ್ಲಿ ವರದಿ ಪ್ರಕಟಿಸಿತು. ಅಲ್ಲಿ ವೇಗ ಗಂಟೆಗೆ ಒಂದು ಮೈಲಿಯಷ್ಟೂ ಇಳಿದಿರಲಿಲ್ಲ, ವಸತಿ ಪ್ರದೇಶಗಳಲ್ಲಿ ಅಪಘಾತಗಳು ತಗ್ಗಿದವೆಂದು ಹೇಳಲು ಸಾಕಷ್ಟು ಆಧಾರವೂ ಸಿಗಲಿಲ್ಲ. ಫಲಕವೊಂದನ್ನು ನೆಟ್ಟು ಕರ್ತವ್ಯ ಮುಗಿಯಿತೆಂದು ಭಾವಿಸುವ ಆಡಳಿತಗಳು ಈ ವರದಿಯನ್ನು ಓದಲೇಬೇಕು.

ಇನ್ನು ಆಟೋಬಾನ್. ಜರ್ಮನಿಯಲ್ಲಿಯೇ ಗ್ರಾಮಾಂತರದ ಸಾಮಾನ್ಯ ರಸ್ತೆಗಳಿಗೆ ಹೋಲಿಸಿದರೆ, ಸಂಚರಿಸಿದ ದೂರದ ಲೆಕ್ಕದಲ್ಲಿ, ಅಲ್ಲಿ ಸಾವು ಕಡಿಮೆಯೆಂಬುದು ನಿಜ. ಅಲ್ಲಿ ಎದುರಿನಿಂದ ಬರುವ ವಾಹನಗಳನ್ನು ತಡೆಬೇಲಿ ಬೇರ್ಪಡಿಸುತ್ತದೆ, ಅಡ್ಡರಸ್ತೆಗಳಿಲ್ಲ, ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಪ್ರವೇಶವಿಲ್ಲ. ನೀವು ಕೇಳಿರುವ 50 ಮತ್ತು 30ರ ಪ್ರಶ್ನೆ ಏಳುವುದು ಮಕ್ಕಳು, ವೃದ್ಧರು, ಸೈಕಲ್ ಸವಾರರು ಕಾರುಗಳ ನಡುವೆಯೇ ಓಡಾಡುವ ಬೀದಿಗಳಲ್ಲಿ. ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನವೊಂದು ಹೊರಡಿಸಿದ 2020ರ ಸ್ಟಾಕ್‌ಹೋಮ್ ಘೋಷಣೆಯು 30 ಕಿಲೋಮೀಟರ್ ಮಿತಿಯನ್ನು ಕೋರಿರುವುದೂ ಇಂಥ ಬೀದಿಗಳಿಗೇ.