ಮಾವಿನಹಣ್ಣಿನ ಬಾರ್ಬೆಕ್ಯೂ ಸಾಸ್ ಜಾಮ್ ಥರ ಆಗುತ್ತೆ, ಹೊಗೆ ಪರಿಮಳ ಬರೋದಿಲ್ಲ. ಯಾವ ಲಿಕ್ವಿಡ್ ಸ್ಮೋಕ್ (ಬಾಟಲಿಯಲ್ಲಿ ಸಿಗುವ ದ್ರವರೂಪದ ಹೊಗೆ) ಕೊಳ್ಳಲಿ?

ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಮಾವಿನ ತಿರುಳು, ಕೆಚಪ್, ಬೆಲ್ಲ ಎಲ್ಲವನ್ನೂ ಒಟ್ಟಿಗೆ ಹಾಕಿ ಮುಕ್ಕಾಲು ಗಂಟೆ ಕುದಿಸಿ, ಕೊನೆಗೆ ಕೆಂಡದ ಮೇಲೆ ತುಪ್ಪ ಬಿಟ್ಟು ಮುಚ್ಚಿದೆ ಎಂದಿದ್ದೀರಿ. ಒಂದು ಕಾಲಕ್ಕೆ ನನ್ನ ಒಲೆಯ ಮೇಲೂ ಹೀಗೇ ನಡೆಯುತ್ತಿತ್ತು. ಇದಕ್ಕೆ ಬಾಟಲಿ ಹೊಗೆ ಸುರಿದರೆ ಹೊಗೆ ವಾಸನೆಯ ಜಾಮ್ ಆದೀತು, ಅಷ್ಟೆ. ನಿಮ್ಮ ಸಾಸಿಗೆ ಹುಳಿ ಸಾಲದು, ಬೆಲ್ಲ ಬಿದ್ದ ಹೊತ್ತೂ ತಪ್ಪು.

ಬೆಲ್ಲದ ವಿಚಾರ ಮೊದಲು ಮುಗಿಸುತ್ತೇನೆ, ಈ ಸಾಸ್ ಹೆಚ್ಚಾಗಿ ಕೆಡುವುದು ಅಲ್ಲೇ. ತಿರುಳು ನೀರಾಗಿರುವ ತನಕ ಪಾತ್ರೆಯೊಳಗೆ ತಾನೇ ಮಗುಚಿಕೊಳ್ಳುತ್ತಾ ಕುದಿಯುತ್ತದೆ, ಬಿಸಿ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಗಟ್ಟಿಯಾಗುತ್ತಾ ಬಂದಂತೆ ಆ ಓಡಾಟ ನಿಂತುಹೋಗುತ್ತದೆ. ಮೇಲೆ ಗುಳ್ಳೆಗಳು ಪಚಕ್ ಪಚಕ್ ಎಂದು ಸಿಡಿಯುತ್ತಿದ್ದರೂ ತಳದ ತೆಳು ಪದರ ಕೂತಲ್ಲೇ ಕೂತು ಒಣಗುತ್ತದೆ, ಅಲ್ಲಿಯ ಬಿಸಿ ನೂರನ್ನು ದಾಟಿ ಏರುತ್ತದೆ. ಅದರಲ್ಲಿ ಬೆಲ್ಲವಿದ್ದರೆ ಮೊದಲು ಸೀಯುವುದು ಅದೇ. ಸಾಲದ್ದಕ್ಕೆ, ಹುಳಿಯ ಜೊತೆ ಬಹಳ ಹೊತ್ತು ಕುದಿದ ಸಕ್ಕರೆ ಗ್ಲುಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಮಾಮೂಲಿ ಸಕ್ಕರೆ ಕ್ಯಾರಮೆಲ್ ಆಗಲು ಸುಮಾರು 160 ಡಿಗ್ರಿ ಬೇಕಾದರೆ ಫ್ರಕ್ಟೋಸಿಗೆ 110 ಸಾಕು. ಅಂದರೆ ಹೊತ್ತು ಹೋದಷ್ಟೂ ಸಾಸ್ ಇನ್ನೂ ಸುಲಭವಾಗಿ ಸೀಯುವ ವಸ್ತುವಾಗುತ್ತಾ ಹೋಗುತ್ತದೆ. ತಳ ಹಿಡಿದದ್ದು ಸೌಟಿಗೆ ತಿಳಿಯುವಷ್ಟರಲ್ಲಿ ಕಹಿ ಇಡೀ ಪಾತ್ರೆಗೆ ಹರಡಿರುತ್ತದೆ. ಆ ಕಹಿಯನ್ನೇ ಹೊಗೆಯ ರುಚಿ ಎಂದುಕೊಳ್ಳುವವರೂ ಇದ್ದಾರೆ. ಕಹಿ ಮುಚ್ಚಲು ಇನ್ನೊಂದಿಷ್ಟು ಬೆಲ್ಲ ಹಾಕುತ್ತಾರೆ, ಅದೂ ಸೀಯುತ್ತದೆ. ಬೆಲ್ಲ ಬೀಳಬೇಕಾದ್ದು ಕೊನೆಯ ಎಂಟು ನಿಮಿಷದಲ್ಲಿ, ಉರಿ ಸಣ್ಣ ಮಾಡಿದ ಮೇಲೆ.

ಇನ್ನು ಹೊಗೆ. ಅಮೆರಿಕದ ಬಾರ್ಬೆಕ್ಯೂನಲ್ಲಿ ಹೊಗೆ ಮುಖ್ಯವಾಗಿ ಮಾಂಸಕ್ಕೆ ಹಿಡಿಯುತ್ತದೆ, ಹಿಕರಿಯಂಥ ಕಟ್ಟಿಗೆಯ ಮೇಲೆ ಗಂಟೆಗಟ್ಟಲೆ ಬೇಯುವಾಗ. ಸಾಸ್ ಅದರ ಪಕ್ಕವಾದ್ಯ. ಪೂರ್ವ ನಾರ್ತ್ ಕ್ಯಾರೊಲೈನಾದ ಸಾಸಿನಲ್ಲಿ ಟೊಮೆಟೊ ಸಹ ಇರುವುದಿಲ್ಲ, ಬರೀ ವಿನೆಗರ್ ಮತ್ತು ಮೆಣಸಿನಕಾಯಿ. ನಾವೆಲ್ಲ ಬಾಟಲಿಯಲ್ಲಿ ನೋಡಿರುವ ಗಟ್ಟಿ, ಸಿಹಿ, ಕಂದು ಸಾಸ್ ಕ್ಯಾನ್ಸಸ್ ಸಿಟಿಯ ಶೈಲಿ: ಟೊಮೆಟೊ ಮತ್ತು ಮೊಲ್ಯಾಸಿಸ್ (ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ). ಕಟ್ಟಿಗೆಯ ಹೊಗೆಯನ್ನು ತಣಿಸಿ ನೀರಿಗಿಳಿಸಿ ಬಾಟಲಿಯಲ್ಲಿ ಮಾರಲು 1895ರಲ್ಲಿ ಶುರುಮಾಡಿದ ಅರ್ನೆಸ್ಟ್ ರೈಟ್ ಕೂಡ ಅದೇ ಊರಿನವರು. ಲಿಕ್ವಿಡ್ ಸ್ಮೋಕ್ ಮೋಸದ ಪದಾರ್ಥವೇನಲ್ಲ. ಆದರೆ ಅರ್ಧ ಲೀಟರ್ ಸಾಸಿಗೆ ಕಾಲು ಚಮಚಕ್ಕಿಂತ ಹೆಚ್ಚಾದರೆ ಔಷಧಿಯ ಘಾಟು ಬರುತ್ತದೆ. ತುಪ್ಪ-ಕೆಂಡದ ಹೊಗೆ ದಾಲ್‌ಗೆ ಚೆಂದ. ಇಲ್ಲಿ ಅದರಿಂದ ಬರುವುದು ಸುಟ್ಟ ತುಪ್ಪದ ವಾಸನೆ, ಅದೂ ಗಟ್ಟಿ ಸಾಸಿನ ಮೇಲ್ಪದರಕ್ಕೆ ಮಾತ್ರ.

ಹೊಗೆ ಕೊಡಬೇಕಾದ್ದು ಹಣ್ಣಿಗೆ, ರುಬ್ಬುವ ಮುಂಚೆ. ಹೆಚ್ಚಿದ ಹಸಿ ಮೈ ಹೊಗೆಯನ್ನು ಚೆನ್ನಾಗಿ ಹೀರುತ್ತದೆ, ಸಿಪ್ಪೆ ತಡೆಯುತ್ತದೆ. ಹಳೇ ಕಬ್ಬಿಣದ ಬಾಣಲೆಗೆ ಫಾಯಿಲ್ ಹಾಸಿ, ಒಂದು ಹಿಡಿ ಒಣಗಿದ ಸೀಬೆ ಅಥವಾ ಮಾವಿನ ಕಟ್ಟಿಗೆಯ ಚಕ್ಕೆ ಹರಡಿ. ತೆಂಗಿನ ಚಿಪ್ಪಿನ ಚೂರೂ ಆಗುತ್ತದೆ, ನಾರು ಪೂರ್ತಿ ಹೆರೆದಿರಬೇಕು. ನೀಲಗಿರಿ, ಪೈನ್, ಪ್ಲೈವುಡ್, ಬಣ್ಣ ಬಳಿದ ಮರ ಯಾವುದೂ ಬೇಡ. ಮೇಲೆ ತೂತಿನ ತಟ್ಟೆ ಇಟ್ಟು, ಅದರಲ್ಲಿ ಸಿಪ್ಪೆ ತೆಗೆದ ಮಾವಿನ ಹೋಳು, ಅಡ್ಡಕ್ಕೆ ಕೊಯ್ದ ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಬೀಜ ಉದುರಿಸಿದ ಬ್ಯಾಡಗಿ ಮೆಣಸಿನಕಾಯಿ. ಮುಚ್ಚಳದ ಅಂಚಿಗೆ ಚಪಾತಿ ಹಿಟ್ಟು ಮೆತ್ತಿ. ಮೊದಲು ದೊಡ್ಡ ಉರಿ, ಹೊಗೆ ಎದ್ದದ್ದು ಕಂಡ ಮೇಲೆ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ, ಆಮೇಲೆ ಒಲೆ ಆರಿಸಿ ಮುಚ್ಚಳ ತೆಗೆಯದೆ ಹತ್ತು ನಿಮಿಷ. ಇನ್ನೂ ಬಿಟ್ಟರೆ ಇನ್ನೂ ಪರಿಮಳ ಎಂಬ ಆಸೆ ಬೇಡ, ದಟ್ಟ ಬಿಳಿ ಹೊಗೆ ಹೆಚ್ಚು ಹೊತ್ತು ಕೂತರೆ ನಾಲಿಗೆ ಒಗರಾಗಿ ಮರಗಟ್ಟುತ್ತದೆ. ನಾನ್‌ಸ್ಟಿಕ್ ಪಾತ್ರೆ ಈ ಕೆಲಸಕ್ಕೆ ಕೂಡದು. ಚಿಮಣಿ ಓಡಿಸಿ, ಕಿಟಕಿ ತೆಗೆದಿಡಿ. ಅಮೆರಿಕದ ಅಪಾರ್ಟ್‌ಮೆಂಟಿನಲ್ಲಿ ಇರುವವರು ಇದನ್ನು ಹೊರಗೆ ಗ್ರಿಲ್ ಮೇಲೇ ಮಾಡಬೇಕು, ಇಲ್ಲವಾದರೆ ಹೊಗೆಯ ಅಲಾರಂ ಕೂಗೀತು.

ಅಳತೆ ಹೀಗೆ. ಹಣ್ಣಾದ ತೋತಾಪುರಿಯ ಹೋಳು 350 ಗ್ರಾಂ, ಟೊಮೆಟೊ 300 ಗ್ರಾಂ, ದೊಡ್ಡ ಈರುಳ್ಳಿ ಒಂದು, ಬೆಳ್ಳುಳ್ಳಿ ಆರು ಎಸಳು, ಬ್ಯಾಡಗಿ ಎಂಟು, ಖಾರಕ್ಕೆ ಗುಂಟೂರು ಒಂದು. ಬಾದಾಮಿ ಮಾವಿನಹಣ್ಣನ್ನು ದಯವಿಟ್ಟು ತಿನ್ನಲು ಇಟ್ಟುಕೊಳ್ಳಿ, ಇಲ್ಲಿಗೆ ಅದು ವಿಪರೀತ ಸಿಹಿ. ಮಾವಿನ ಕಾಲ ಮುಗಿದಿದ್ದರೆ ಅನಾನಸ್ ಅಷ್ಟೇ ತೂಕ. ಹೊಗೆ ಹಿಡಿದ ಎಲ್ಲವನ್ನೂ ಮೆಣಸಿನಕಾಯಿ ಸಮೇತ ಅರ್ಧ ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ, ಜರಡಿಯಲ್ಲಿ ಸೋಸಿ. ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆ ಕಾಯಿಸಿ ಇದನ್ನು ಸುರಿದು, ಆಪಲ್ ಸೈಡರ್ ವಿನೆಗರ್ 100 ಮಿಲಿ, ಗೋಲಿ ಗಾತ್ರದ ಹುಣಸೆಹಣ್ಣಿನ ಗಟ್ಟಿ ರಸ, ಸೋಯಾ ಸಾಸ್ ಒಂದು ದೊಡ್ಡ ಚಮಚ, ಸಾಸಿವೆ ಪುಡಿ ಮತ್ತು ಕಾಳುಮೆಣಸಿನ ಪುಡಿ ಒಂದೊಂದು ಚಮಚ, ಉಪ್ಪು ಒಂದೂವರೆ ಚಮಚ ಹಾಕಿ. ಹುಣಸೆ ನನ್ನ ಕಸರತ್ತೆಂದು ತಿಳಿಯಬೇಡಿ, ಅಮೆರಿಕನ್ನರು ಈ ಸಾಸಿಗೆ ಹಾಕುವ ವೂಸ್ಟರ್‌ಶೈರ್ ಎಂಬ ಇಂಗ್ಲಿಷ್ ಸಾಸಿನಲ್ಲೂ ಹುಣಸೆ ಇದೆ. ಮಧ್ಯಮ ಉರಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಸಿಡಿಯುತ್ತದೆ, ಮುಚ್ಚಳ ಓರೆಯಾಗಿಡಿ.

ಈಗ ಒಂದು ಚಮಚ ರುಚಿ ನೋಡಿ. ಮುಖ ಕಿವುಚುವಷ್ಟು ಹುಳಿ ಇರಬೇಕು. ಇಲ್ಲದಿದ್ದರೆ ಇನ್ನೂ ಒಂದೆರಡು ಚಮಚ ವಿನೆಗರ್. ಹುಳಿ ಮತ್ತು ಉಪ್ಪು ಸರಿಯಿದ್ದಾಗಲೇ ಹೊಗೆ ನಾಲಿಗೆಗೆ ಕಾಣುತ್ತದೆ, ಸಿಹಿ ಮೇಲಾದರೆ ಮುಳುಗುತ್ತದೆ. ನಿಮ್ಮ ಸಾಸಿಗೆ ಆದದ್ದು ಇದೇ. ಕೆಚಪ್‌ನಲ್ಲೇ ಬೇಕಾದಷ್ಟು ಸಕ್ಕರೆ ಇತ್ತು. ಆಮೇಲೆ ಉರಿ ಸಣ್ಣ ಮಾಡಿ ಪುಡಿ ಮಾಡಿದ ಕಪ್ಪು ಬೆಲ್ಲ 80 ಗ್ರಾಂ. ಮಲೆನಾಡಿನ ಜೋನಿ ಬೆಲ್ಲ ಸಿಕ್ಕಿದರೆ ಇನ್ನೂ ಒಳ್ಳೆಯದು, ಮೊಲ್ಯಾಸಿಸ್ ಜಾಗಕ್ಕೆ ಅದಕ್ಕಿಂತ ಹತ್ತಿರದ್ದು ನಮ್ಮಲ್ಲಿಲ್ಲ. ಎಂಟು ನಿಮಿಷ ಕೈಬಿಡದೆ ತಿರುವಿ. ತಣ್ಣಗಿನ ತಟ್ಟೆಗೆ ಒಂದು ತೊಟ್ಟು ಹಾಕಿ ಬೆರಳು ಎಳೆದಾಗ ದಾರಿ ನಿಧಾನಕ್ಕೆ ಮುಚ್ಚಿಕೊಂಡರೆ ಇಳಿಸಿ. ಮುಚ್ಚಿಕೊಳ್ಳದೇ ಹೋದರೆ ಆಗಲೇ ತಡವಾಯಿತು, ಆರಿದಾಗ ಜಾಮೇ.

ಅಷ್ಟಾಗಿಯೂ ತಳ ಹಿಡಿದರೆ ಕೆರೆಯಬೇಡಿ. ಮೇಲಿನದ್ದನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಕೆಳಗಿನದ್ದನ್ನು ಅಲ್ಲೇ ಬಿಡಿ.

ಗ್ರಿಲ್ ಮೇಲೂ ಬೆಲ್ಲದ ಲೆಕ್ಕವೇ ನಡೆಯುವುದು. ಕೋಳಿ ಕಾಲಿಗೆ ಮೊದಲೇ ಬಳಿದರೆ ಹೊರಗೆ ಕರಕಲು, ಒಳಗೆ ಹಸಿ. ಬೇಯಲು ಹತ್ತು ನಿಮಿಷ ಇದೆ ಎನ್ನುವಾಗ ಬಳಿಯಿರಿ, ಒಳಗಿನ ಬಿಸಿ 74 ಡಿಗ್ರಿ ತಲುಪಬೇಕು. ಬ್ರಷ್ ಅದ್ದಿದ ಬಟ್ಟಲಿನ ಸಾಸನ್ನು ಊಟಕ್ಕೆ ಬಡಿಸಬೇಡಿ, ಬೇರೆ ತೆಗೆದಿಟ್ಟುಕೊಳ್ಳಿ. ಮಾಂಸ ತಿನ್ನದವರು ಎಳೆ ಹಲಸಿನಕಾಯಿ ಬೇಯಿಸಿ, ಎಳೆಎಳೆಯಾಗಿ ಬಿಡಿಸಿ ಇದರಲ್ಲಿ ಹುರಿದರೆ ಪನೀರಿಗಿಂತ ನೂರು ಪಾಲು ಮೇಲು.

ಉಳಿದದ್ದನ್ನು ಕುದಿನೀರಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ಬಿಸಿಯಿರುವಾಗಲೇ ತುಂಬಿ, ಆರಿದ ಮೇಲೆ ಫ್ರಿಜ್‌ನಲ್ಲಿಡಿ. ಮೂರು ವಾರ ಧಾರಾಳವಾಗಿ ಇರುತ್ತದೆ. ಮಾಡಿದ ದಿನಕ್ಕಿಂತ ಮಾರನೇ ದಿನ ರುಚಿ ಕೂಡಿಕೊಂಡಿರುತ್ತದೆ, ಆದ್ದರಿಂದ ನೆಂಟರು ಭಾನುವಾರ ಬರುವುದಾದರೆ ಶನಿವಾರವೇ ಮಾಡಿಬಿಡಿ.