ಸರ್ಕಾರಿ ಶಾಲೆಗೊಂದು ಪ್ರಶಸ್ತಿ, ಖಾಸಗಿ ಶಾಲೆಗೊಂದು ಪ್ರಶಸ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮೊಮ್ಮಗ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಪಬ್ಲಿಕ್ ಸ್ಕೂಲೊಂದರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದಾನೆ. ಅಲ್ಲಿನ ರಾಜ್ಯ ಚಾಂಪಿಯನ್‌ಷಿಪ್‌ನಲ್ಲಿ ಖಾಸಗಿ ಶಾಲೆಗಳಿಗೆ ಬೇರೆಯೇ ಪ್ರಶಸ್ತಿ ಇದೆ ಎಂದು ಹೇಳಿದ. ಒಂದೇ ಆಟ, ಒಂದೇ ವಯಸ್ಸು, ಒಂದೇ ರಾಜ್ಯ. ಹೀಗಿರುವಾಗ ಮಕ್ಕಳಲ್ಲಿ ಈ ಪಂಕ್ತಿಭೇದ ಏಕೆ?
- ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ಧಾರವಾಡ

ಉತ್ತರ: ಮೊದಲು ಒಂದು ಮಾತಿನ ತೊಡಕನ್ನು ಬಿಡಿಸಿಕೊಳ್ಳೋಣ. ನಮ್ಮ ಊರುಗಳಲ್ಲಿ ಹೆಸರಿನ ಕೊನೆಗೆ ‘ಪಬ್ಲಿಕ್ ಸ್ಕೂಲ್’ ಎಂದು ಬರೆದುಕೊಂಡ ಶಾಲೆಗಳಲ್ಲಿ ಹೆಚ್ಚಿನವು ಶುಲ್ಕ ಪಡೆಯುವ ಖಾಸಗಿ ಶಾಲೆಗಳು. ಸರ್ಕಾರವೇ ನಡೆಸುವ ‘ಕರ್ನಾಟಕ ಪಬ್ಲಿಕ್ ಶಾಲೆ’ಗಳು ಬಂದ ಮೇಲೆ ಈ ಗೊಂದಲ ಇನ್ನಷ್ಟು ಹೆಚ್ಚಿದೆ. ಅಮೆರಿಕದಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ತೆರಿಗೆಯ ಹಣದಿಂದ ನಡೆಯುವ ಸರ್ಕಾರಿ ಶಾಲೆ. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಹೈಸ್ಕೂಲಿಗೆ ಸಾಮಾನ್ಯವಾಗಿ ಆಯಾ ಪ್ರದೇಶದಲ್ಲಿ ವಾಸಿಸುವ ಮಕ್ಕಳೇ ಬರುತ್ತಾರೆ. ಮನೆಯ ವಿಳಾಸವೇ ಶಾಲೆಯನ್ನು ನಿರ್ಧರಿಸುತ್ತದೆ. ಖಾಸಗಿ ಶಾಲೆಗೆ, ಅವುಗಳಲ್ಲೂ ಹೆಚ್ಚಿನ ಸಂಖ್ಯೆಯಲ್ಲಿರುವ ಕ್ಯಾಥೊಲಿಕ್ ಶಾಲೆಗಳಿಗೆ, ಇಂಥ ಗೆರೆಯಿಲ್ಲ. ಮೂವತ್ತು ಮೈಲಿ ಆಚೆಯ ಹುಡುಗನೂ ಬಂದು ಸೇರಬಹುದು.

ನೀವು ಪಂಕ್ತಿಭೇದ ಎಂದು ಕರೆದಿರುವ ವ್ಯವಸ್ಥೆಯ ಬೇರು ಈ ಗೆರೆಯಲ್ಲಿದೆ. ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಒಂದು ತಂಡದಿಂದ ಆಡುವವರು ಐವರು ಮಾತ್ರ. ಬೇರೆ ಊರಿನಿಂದ ಆರೂವರೆ ಅಡಿ ಎತ್ತರದ ಇಬ್ಬರು ಹುಡುಗರು ಬಂದು ಸೇರಿದರೆ ತಂಡದ ಬಲದಲ್ಲಿ ಐದನೆಯ ಎರಡು ಪಾಲು ಹೊರಗಿನಿಂದ ಬಂದಂತಾಯಿತು. ಸರ್ಕಾರಿ ಶಾಲೆಯ ತರಬೇತುದಾರನಾದರೋ ತನ್ನ ಬಡಾವಣೆಯಲ್ಲಿ ಆ ವರ್ಷ ಹದಿನಾರು ತುಂಬಿದ ಹುಡುಗರಲ್ಲೇ ಹುಡುಕಬೇಕು. ಶಾಲೆಗಳನ್ನು ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸುವುದು ಅಲ್ಲಿನ ಹಳೆಯ ಪದ್ಧತಿಯಾದರೂ, ನಾನೂರು ಮಕ್ಕಳ ಹಳ್ಳಿಶಾಲೆಯೂ ದೊಡ್ಡ ನಗರದ ನಾಲ್ಕೂ ದಿಕ್ಕಿನಿಂದ ಆರಿಸಿಕೊಂಡ ನಾನೂರು ಮಕ್ಕಳ ಖಾಸಗಿ ಶಾಲೆಯೂ ಕಾಗದದ ಮೇಲೆ ಸಮವಾಗಿ ಕಂಡರೂ ಅಂಕಣದಲ್ಲಿ ಸಮವಾಗುವುದಿಲ್ಲ ಎಂಬುದೇ ಸರ್ಕಾರಿ ಶಾಲೆಗಳವರ ದೂರು.

ದೂರಿಗೆ ಆಧಾರವಿದೆ. ಪ್ರತ್ಯೇಕತೆಯಿಲ್ಲದ ಕ್ಯಾಲಿಫೋರ್ನಿಯದಲ್ಲಿ ಅಮೆರಿಕನ್ ಫುಟ್‌ಬಾಲಿನ ಅತ್ಯುನ್ನತ ದರ್ಜೆಯ ರಾಜ್ಯ ಪ್ರಶಸ್ತಿಯು 2016ರಿಂದ 2024ರವರೆಗೆ, ಕೋವಿಡ್‌ನಿಂದ ಪಂದ್ಯಾವಳಿ ನಡೆಯದ 2020ನ್ನು ಬಿಟ್ಟರೆ, ಮೇಟರ್ ಡೇ ಮತ್ತು ಸೇಂಟ್ ಜಾನ್ ಬಾಸ್ಕೊ ಎಂಬ ಎರಡೇ ಕ್ಯಾಥೊಲಿಕ್ ಶಾಲೆಗಳ ನಡುವೆ ಓಡಾಡಿತು. ಅದೇ ರಾಜ್ಯದ ಡಿ ಲಾ ಸಾಲ್ ಎಂಬ ಇನ್ನೊಂದು ಕ್ಯಾಥೊಲಿಕ್ ಶಾಲೆ 1992ರಿಂದ 2004ರ ನಡುವೆ ಸತತವಾಗಿ 151 ಪಂದ್ಯಗಳನ್ನು ಗೆದ್ದಿತ್ತು. ಆ ಸರಣಿಯನ್ನು ಮುರಿದದ್ದು ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಎಂಬ ಸರ್ಕಾರಿ ಶಾಲೆ ಎಂಬುದನ್ನು ಪ್ರತ್ಯೇಕತೆಯ ವಿರೋಧಿಗಳು ಈಗಲೂ ನೆನಪಿಸುತ್ತಾರೆ.

ಆದರೆ ನಿಮ್ಮ ಮೊಮ್ಮಗನ ರಾಜ್ಯದಲ್ಲೇ ಇದಕ್ಕೆ ಇನ್ನೊಂದು ಮುಖವಿದೆ. ಜೆರ್ಸಿ ಸಿಟಿಯಲ್ಲಿ ಸೇಂಟ್ ಆಂಥನಿ ಎಂಬ ಪುಟ್ಟ ಕ್ಯಾಥೊಲಿಕ್ ಪ್ರೌಢಶಾಲೆಯಿತ್ತು. ಅದಕ್ಕೆ ಸ್ವಂತದ್ದೆಂಬ ಒಳಾಂಗಣ ಅಂಕಣವೂ ಇರಲಿಲ್ಲ. ಹುಡುಗರು ಅಭ್ಯಾಸಕ್ಕೆ ಬೇರೆ ಕಡೆ ಹೋಗಬೇಕಿತ್ತು. ಬಾಬ್ ಹರ್ಲಿ ಎಂಬ ತರಬೇತುದಾರರು ಅಲ್ಲಿದ್ದುಕೊಂಡೇ ಇಪ್ಪತ್ತಕ್ಕೂ ಹೆಚ್ಚು ರಾಜ್ಯ ಪ್ರಶಸ್ತಿಗಳನ್ನು ಗೆದ್ದರು. 2010ರಲ್ಲಿ ಬ್ಯಾಸ್ಕೆಟ್‌ಬಾಲಿನ ಹಾಲ್ ಆಫ್ ಫೇಮ್ ಗೌರವವೂ ಅವರಿಗೆ ಸಂದಿತು. ಆ ಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬಡ ಕುಟುಂಬಗಳ ಮಕ್ಕಳು. ಹಣ ಸಾಲದೆ 2017ರಲ್ಲಿ ಶಾಲೆಯೇ ಮುಚ್ಚಿಹೋಯಿತು. ಖಾಸಗಿ ಎಂದ ಕೂಡಲೇ ಹುಲ್ಲುಹಾಸು, ಈಜುಕೊಳ, ಕೋಟಿಗಟ್ಟಲೆ ದೇಣಿಗೆ ಎಂದು ಕಲ್ಪಿಸಿಕೊಳ್ಳುವವರಿಗೆ ನಾನು ಈ ಶಾಲೆಯ ಹೆಸರನ್ನು ಹೇಳುತ್ತೇನೆ. ಸೇಂಟ್ ಆಂಥನಿಗೆ ಇದ್ದ ಅನುಕೂಲ ಹಣದ್ದಲ್ಲ; ಗೆರೆಯಿಲ್ಲದ್ದು ಮಾತ್ರ.

ನ್ಯೂಜೆರ್ಸಿ ಬಹುಕಾಲ ಒಂದು ನಡುದಾರಿಯಲ್ಲಿ ನಡೆಯಿತು. ಸರ್ಕಾರಿ ಶಾಲೆಗಳಿಗೆ ನಾಲ್ಕು ಗುಂಪು, ಖಾಸಗಿಯವರಿಗೆ ಎರಡು ಗುಂಪು. ಆಯಾ ಗುಂಪಿನಲ್ಲಿ ಗೆದ್ದವರನ್ನೆಲ್ಲ ಸೇರಿಸಿ ಕೊನೆಗೆ ‘ಟೂರ್ನಮೆಂಟ್ ಆಫ್ ಚಾಂಪಿಯನ್ಸ್’. ಪಂಕ್ತಿ ಬೇರೆಯಾದರೂ ಕೊನೆಯ ಊಟ ಒಟ್ಟಿಗೆ ಎಂಬಂತಿದ್ದ ಆ ಪಂದ್ಯಾವಳಿಯನ್ನು 2022ರ ನಂತರ ನಿಲ್ಲಿಸಲಾಯಿತು. ನನಗದು ನಷ್ಟವಾಗಿಯೇ ಕಾಣುತ್ತದೆ. ತನಗಿಂತ ಬಲಶಾಲಿಯನ್ನು ಎದುರಿಸಿ ಸೋಲುವ ಅವಕಾಶವೂ ಹುಡುಗನೊಬ್ಬನ ಪಾಲಿಗೆ ಅವಕಾಶವೇ.

ಪ್ರಶ್ನೆ: ಇಲಿನಾಯ್‌ನಲ್ಲಿ ನನ್ನ ಮಗಳು ಓದುವ ಕ್ಯಾಥೊಲಿಕ್ ಶಾಲೆಯಲ್ಲಿ ಆರುನೂರು ಮಕ್ಕಳಿದ್ದಾರೆ. ಕ್ರೀಡಾ ಸಂಘವು ಅದನ್ನು ಸಾವಿರದ ಹತ್ತಿರದ ಶಾಲೆ ಎಂದು ಲೆಕ್ಕ ಹಾಕುತ್ತದೆ. ಇಲ್ಲದ ಮಕ್ಕಳನ್ನು ಎಣಿಸುವುದು ಯಾವ ನ್ಯಾಯ?
- ಓದುಗರೊಬ್ಬರು, ಷಿಕಾಗೊ

ಉತ್ತರ: ನಿಮ್ಮ ಶಾಲೆಯ ಮೇಲೆ ಬಿದ್ದಿರುವುದು ‘ಮಲ್ಟಿಪ್ಲೈಯರ್’ ಎಂಬ ಗುಣಕ. ಇಲಿನಾಯ್ ಹೈಸ್ಕೂಲ್ ಸಂಘವು 2005ರಿಂದ, ನಿಗದಿತ ಪ್ರವೇಶ ವ್ಯಾಪ್ತಿಯಿಲ್ಲದ ಶಾಲೆಗಳ ವಿದ್ಯಾರ್ಥಿ ಸಂಖ್ಯೆಯನ್ನು 1.65ರಿಂದ ಗುಣಿಸುತ್ತದೆ. ಆರುನೂರು ಹೀಗೆ 990 ಆಗುತ್ತದೆ. ಶಾಲೆಯು ತನಗಿಂತ ದೊಡ್ಡ ಶಾಲೆಗಳ ದರ್ಜೆಗೆ ಏರುತ್ತದೆ. ಖಾಸಗಿ ಶಾಲೆಗಳನ್ನು ಹೊರಗಿಡದೆ ಸಮತೋಲ ತರುವ ಪ್ರಯತ್ನವಿದು. ನಿಯಮದ ಮಾತುಗಳನ್ನು ಗಮನಿಸಿ: ಅದು ‘ಖಾಸಗಿ’ ಎನ್ನುವುದಿಲ್ಲ, ‘ವ್ಯಾಪ್ತಿಯಿಲ್ಲದ’ ಎನ್ನುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹೆಚ್ಚೇನೂ ಗೆಲ್ಲದ ತಂಡಗಳಿಗೆ ಗುಣಕದಿಂದ ವಿನಾಯಿತಿ ಕೊಡುವ ಏರ್ಪಾಡೂ ಇದೆ. ಶಾಲೆಯವರನ್ನು ಕೇಳಿ ನೋಡಿ.

ನನ್ನ ತಕರಾರು ಗುಣಕದ ಒರಟುತನದ ಬಗ್ಗೆ. ಆರುನೂರರಲ್ಲಿ ಐನೂರೈವತ್ತು ಮಕ್ಕಳು ಆಸುಪಾಸಿನ ಬೀದಿಗಳಿಂದಲೇ ಬರುವವರಾದರೂ ಲೆಕ್ಕ ಅದೇ. ಎಲ್ಲರೂ ದೂರದಿಂದ ಬರುವವರಾದರೂ ಅದೇ. ಜಾರ್ಜಿಯ ರಾಜ್ಯ ಇದನ್ನು ಸ್ವಲ್ಪ ಹದಗೊಳಿಸಿದೆ. ವ್ಯಾಪ್ತಿಯ ಹೊರಗಿನಿಂದ ಬಂದ ಮಕ್ಕಳನ್ನು ಮಾತ್ರ ಅದು ಹೆಚ್ಚಾಗಿ ಎಣಿಸುತ್ತದೆ, 2022ರಲ್ಲಿ ಜಾರಿಗೆ ಬಂದ ಲೆಕ್ಕದಲ್ಲಿ ಒಬ್ಬೊಬ್ಬರನ್ನು ಮೂವರೆಂದು. ಐನೂರರಲ್ಲಿ ಇನ್ನೂರು ಮಂದಿ ಹೊರಗಿನವರಾದರೆ ಲೆಕ್ಕ ಒಂಬೈನೂರು. ಓಹಾಯೊ ಇನ್ನೂ ಹತ್ತಿರಕ್ಕೆ ಹೋಯಿತು. ಅಲ್ಲಿ 2011, 2012, 2013 ಹೀಗೆ ಮೂರು ವರ್ಷ ಸತತವಾಗಿ ಸುಧಾರಣೆಯ ಪ್ರಸ್ತಾವಗಳನ್ನು ಸದಸ್ಯ ಶಾಲೆಗಳು ಮತದಲ್ಲಿ ತಿರಸ್ಕರಿಸಿ, ನಾಲ್ಕನೆಯ ವರ್ಷ ಒಪ್ಪಿಕೊಂಡವು. 2017ರಿಂದ ಜಾರಿಯಾದ ಆ ಪದ್ಧತಿಯಲ್ಲಿ ಎಣಿಸುವುದು ಇಡೀ ಶಾಲೆಯನ್ನಲ್ಲ, ಆಯಾ ಆಟದ ತಂಡದ ಪಟ್ಟಿಯಲ್ಲಿ ಎಷ್ಟು ಮಕ್ಕಳು ಎಲ್ಲಿಂದ ಬಂದಿದ್ದಾರೆ ಎಂಬುದನ್ನು. ಸರ್ಕಾರಿ ಶಾಲೆಗೂ ಈ ಎಣಿಕೆಯಿಂದ ಬಿಡುಗಡೆಯಿಲ್ಲ. ಲೆಕ್ಕಪತ್ರದ ಕೆಲಸ ಹೆಚ್ಚು, ಕ್ರೀಡಾ ನಿರ್ದೇಶಕರು ಗೊಣಗುತ್ತಾರೆ. ಆದರೂ ನಾನು ನೋಡಿದ ಪದ್ಧತಿಗಳಲ್ಲಿ ರೋಗವಿರುವ ಜಾಗಕ್ಕೆ ಮದ್ದು ಹಚ್ಚುವುದು ಇದೊಂದೇ.

ಇಂಡಿಯಾನ ಮಕ್ಕಳನ್ನು ಎಣಿಸುವ ಬದಲು ಗೆಲುವನ್ನು ಎಣಿಸುತ್ತದೆ. ರಾಜ್ಯ ಮಟ್ಟದ ಸುತ್ತುಗಳಲ್ಲಿ ಪದೇ ಪದೇ ಗೆಲ್ಲುವ ತಂಡವನ್ನು, ಅದು ಸರ್ಕಾರಿಯಾಗಲಿ ಖಾಸಗಿಯಾಗಲಿ, ಒಂದು ದರ್ಜೆ ಮೇಲಕ್ಕೆ ಏರಿಸುವ ನಿಯಮ ಅಲ್ಲಿ 2012ರಿಂದ ಇದೆ. ಹಿಂದೆ ಅಲ್ಲಿ ಬ್ಯಾಸ್ಕೆಟ್‌ಬಾಲಿಗೆ ದರ್ಜೆಗಳೇ ಇರಲಿಲ್ಲ. 1954ರಲ್ಲಿ 161 ವಿದ್ಯಾರ್ಥಿಗಳ ಮಿಲನ್ ಶಾಲೆ ಅಂತಿಮ ಪಂದ್ಯದಲ್ಲಿ ಮನ್ಸಿ ಸೆಂಟ್ರಲ್ ಶಾಲೆಯನ್ನು 32-30ರಿಂದ ಸೋಲಿಸಿದ್ದು ಆ ರಾಜ್ಯದ ಜಾನಪದವೇ ಆಗಿದೆ. 1997ರಲ್ಲಿ ದರ್ಜೆಗಳು ಬಂದಾಗ ಹಿರಿಯರು ಬಹಳ ಹಳಹಳಿಸಿದರು.

ಇನ್ನು ಪೂರ್ತಿ ಗೋಡೆ ಕಟ್ಟಿದವರ ಕಥೆ. ಟೆಕ್ಸಸ್‌ನಲ್ಲಿ 1910ರಲ್ಲಿ ಹುಟ್ಟಿದ, ಟೆಕ್ಸಸ್ ವಿಶ್ವವಿದ್ಯಾಲಯದ ಆಸರೆಯ ಯುಐಎಲ್ ಎಂಬ ಶಾಲಾ ಸ್ಪರ್ಧೆಗಳ ಸಂಘ ಸರ್ಕಾರಿ ಶಾಲೆಗಳದ್ದು. ಖಾಸಗಿಯವರಿಗೆ ಬೇರೆ ಸಂಘವಿದೆ. ಅಷ್ಟು ಗಟ್ಟಿ ಗೋಡೆಯಲ್ಲೂ ಡಲ್ಲಾಸ್ ಮತ್ತು ಹ್ಯೂಸ್ಟನ್ ನಗರಗಳ ಎರಡು ದೊಡ್ಡ ಜೆಸ್ವಿಟ್ (ಕ್ಯಾಥೊಲಿಕ್ ಪಾದ್ರಿಗಳ ಒಂದು ಸಂಘದ) ಶಾಲೆಗಳಿಗೆ ಬಾಗಿಲು ತೆರೆಯಬೇಕಾಯಿತು. ಲೂಸಿಯಾನದಲ್ಲಿ 2013ರಲ್ಲಿ ಪ್ರಾಂಶುಪಾಲರೇ ಮತ ಹಾಕಿ ಫುಟ್‌ಬಾಲ್ ಪ್ಲೇಆಫ್‌ಗಳನ್ನು, ಅಂದರೆ ಪ್ರಶಸ್ತಿಯ ನಿರ್ಣಾಯಕ ಸುತ್ತುಗಳನ್ನು, ‘ಸೆಲೆಕ್ಟ್’ (ಮಕ್ಕಳನ್ನು ಆರಿಸಿಕೊಳ್ಳುವ ಶಾಲೆ), ‘ನಾನ್-ಸೆಲೆಕ್ಟ್’ ಎಂದು ಸೀಳಿದರು, ಮೂರು ವರ್ಷಗಳ ನಂತರ ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್, ಸಾಫ್ಟ್‌ಬಾಲ್‌ಗಳನ್ನೂ ಸೀಳಿದರು. ಮೊದಲಿಗೆ ಸೆಲೆಕ್ಟ್ ಎಂದರೆ ಬಹುಮಟ್ಟಿಗೆ ಖಾಸಗಿ ಎಂದೇ ಅರ್ಥವಿತ್ತು. ಆದರೆ 2022ರಲ್ಲಿ ಸಂಘವು ಆ ವ್ಯಾಖ್ಯೆಯನ್ನು ಹಿಗ್ಗಿಸಿ, ಸರ್ಕಾರದ ಹಣದಲ್ಲಿ ಸ್ವತಂತ್ರ ಆಡಳಿತ ನಡೆಸುವ ಚಾರ್ಟರ್ ಶಾಲೆ, ವಿಶೇಷ ಪಠ್ಯಕ್ರಮದ ಮ್ಯಾಗ್ನೆಟ್ ಶಾಲೆ, ಮುಕ್ತ ಪ್ರವೇಶವಿರುವ ಸರ್ಕಾರಿ ಶಾಲೆಗಳನ್ನೂ ಅದರೊಳಗೆ ಎಳೆದುಕೊಂಡಿತು. ಒಂಬತ್ತು ವರ್ಷ ಗೋಡೆಯ ನೆರಳಲ್ಲಿ ಆಡಿದ ಮೇಲೆ ಲೂಸಿಯಾನ ಕಂಡುಕೊಂಡದ್ದು ಇಷ್ಟು: ಗೋಡೆ ಎದ್ದು ನಿಂತದ್ದು ತಪ್ಪು ಜಾಗದಲ್ಲಿ. ಶಾಲೆ ಯಾರದ್ದು ಎಂಬುದಕ್ಕಿಂತ ಶಾಲೆಗೆ ಯಾರು ಬರಬಹುದು ಎಂಬುದೇ ಮುಖ್ಯ.

ಪ್ರಶ್ನೆ: ಕ್ರೀಡಾ ಸಂಘವೊಂದು ಖಾಸಗಿ ಶಾಲೆಗಳ ಮೇಲೆ ಹೀಗೆ ನಿರ್ಬಂಧ ಹೇರಿದರೆ ಅಮೆರಿಕದ ನ್ಯಾಯಾಲಯಗಳು ಸುಮ್ಮನಿರುತ್ತವೆಯೆ?
- ವಕೀಲರೊಬ್ಬರು, ಮೈಸೂರು

ಉತ್ತರ: ಸುಮ್ಮನಿರಲಿಲ್ಲ. ಟೆನೆಸ್ಸೀ ರಾಜ್ಯದ ಬ್ರೆಂಟ್‌ವುಡ್ ಅಕಾಡೆಮಿ ಎಂಬ ಖಾಸಗಿ ಶಾಲೆಯ ಫುಟ್‌ಬಾಲ್ ತರಬೇತುದಾರರು 1997ರಲ್ಲಿ, ಮುಂದಿನ ವರ್ಷ ತಮ್ಮ ಶಾಲೆಗೆ ಸೇರಲಿದ್ದ ಎಂಟನೆಯ ತರಗತಿಯ ಕೆಲವು ಹುಡುಗರಿಗೆ ವಸಂತಕಾಲದ ಅಭ್ಯಾಸಕ್ಕೆ ಬರುವಂತೆ ಪತ್ರ ಬರೆದು, ಕೆಳಗೆ ‘ನಿಮ್ಮ ಕೋಚ್’ ಎಂದು ಸಹಿ ಹಾಕಿದರು. ಆಟಗಾರರನ್ನು ಸೆಳೆಯಬಾರದೆಂಬ ನಿಯಮವನ್ನು ಶಾಲೆ ಮುರಿಯಿತೆಂದು ರಾಜ್ಯದ ಕ್ರೀಡಾ ಸಂಘ ಮೂರು ಸಾವಿರ ಡಾಲರ್ ದಂಡ ವಿಧಿಸಿತಲ್ಲದೆ, ಫುಟ್‌ಬಾಲ್ ಮತ್ತು ಬಾಲಕರ ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಎರಡು ವರ್ಷ ಪ್ಲೇಆಫ್‌ನಿಂದ ಹೊರಗಿಟ್ಟಿತು. ಒಂದು ಪತ್ರದ ವ್ಯಾಜ್ಯ ಹತ್ತು ವರ್ಷ ನಡೆದು, ಎರಡು ಬಾರಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು.

ಕಾನೂನು ಬಲ್ಲ ನಿಮಗೆ 2001ರ ತೀರ್ಪು ಹೆಚ್ಚು ರುಚಿಸಬಹುದು. ಸಂಘ ಹೆಸರಿಗೆ ಖಾಸಗಿ ಸಂಸ್ಥೆಯಾದರೂ ಅದರ ಸದಸ್ಯರಲ್ಲಿ ಶೇಕಡಾ 84ರಷ್ಟು ಸರ್ಕಾರಿ ಶಾಲೆಗಳೇ ಆಗಿದ್ದರಿಂದ, ಅದರ ಕ್ರಮ ಸರ್ಕಾರದ ಕ್ರಮವೇ ಎಂದು ನ್ಯಾಯಮೂರ್ತಿ ಡೇವಿಡ್ ಸೂಟರ್ ಬರೆದ ತೀರ್ಪು ಐದಕ್ಕೆ ನಾಲ್ಕು ಮತಗಳಿಂದ ಹೇಳಿತು. ಅಂದರೆ ಸಂವಿಧಾನದ ಕಟ್ಟುಪಾಡು ಕ್ರೀಡಾ ಸಂಘಕ್ಕೂ ಉಂಟು. 2007ರಲ್ಲಿ ಪ್ರಕರಣ ಮರಳಿ ಬಂದಾಗ ಗೆದ್ದದ್ದು ಸಂಘ: ಸ್ವಇಚ್ಛೆಯಿಂದ ಸದಸ್ಯತ್ವ ಪಡೆದ ಶಾಲೆ ಅದರ ನಿಯಮಕ್ಕೆ ಬದ್ಧ, ಎಳೆಯ ಮಕ್ಕಳನ್ನು ಸೆಳೆಯದಂತೆ ತಡೆಯುವ ನಿಯಮ ವಾಕ್ ಸ್ವಾತಂತ್ರ್ಯಕ್ಕೆ ಭಂಗ ತರುವುದಿಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಇವೆರಡೂ ಆಟಗಾರರನ್ನು ಸೆಳೆಯುವುದನ್ನು ಕುರಿತ ತೀರ್ಪುಗಳೇ ಹೊರತು, ಪ್ರತ್ಯೇಕ ಚಾಂಪಿಯನ್‌ಷಿಪ್ ಸರಿಯೋ ತಪ್ಪೋ ಎಂದು ನೇರವಾಗಿ ಹೇಳಿದವಲ್ಲ. ಕೆಲವು ಕಡೆ ಪ್ರಶ್ನೆ ಶಾಸನಸಭೆಗೂ ಹೋಗುತ್ತದೆ. ಪೆನ್ಸಿಲ್ವೇನಿಯದಲ್ಲಿ ಖಾಸಗಿ ಶಾಲೆಗಳು ರಾಜ್ಯ ಸಂಘವನ್ನು ಸೇರಲು ದಾರಿ ಮಾಡಿದ್ದೇ 1972ರ ಒಂದು ಶಾಸನ. ಹಾಗಾಗಿ ಅಲ್ಲಿ ‘ಗಡಿಯುಳ್ಳ’, ‘ಗಡಿಯಿಲ್ಲದ’ ಶಾಲೆಗಳ ಜಗಳ ಮೈದಾನದಿಂದ ಸದನಕ್ಕೂ ಹಬ್ಬಿದೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ನಮ್ಮ ಮಕ್ಕಳು ಬರಿಗಾಲಿನಲ್ಲಿ ಓಡುತ್ತಾರೆ, ಪಕ್ಕದ ಗೆರೆಯಲ್ಲಿ ಸ್ಪೈಕ್ ಶೂ ಹಾಕಿದವರು ಓಡುತ್ತಾರೆ. ನಮ್ಮಲ್ಲೂ ಸರ್ಕಾರಿ ಮತ್ತು ಖಾಸಗಿ ಶಾಲೆಗಳಿಗೆ ಬೇರೆ ಬೇರೆ ಕೂಟ ಮಾಡಬಾರದೇಕೆ?
- ಶಿಕ್ಷಕರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಬರಿಗಾಲಿನ ಮಾತು ಓದಿ ನನಗೂ ಸಂಕಟವಾಯಿತು. ಆದರೂ ಕೂಟವನ್ನೇ ಬೇರೆ ಮಾಡುವುದು ಬೇಡ ಎನ್ನುತ್ತೇನೆ.

ಅಮೆರಿಕದ ಶಾಲೆಗೆ ರಾಜ್ಯ ಪ್ರಶಸ್ತಿಯೇ ಕೊನೆಯ ಮೆಟ್ಟಿಲು. ಅದರಾಚೆಗೆ ಶಾಲಾ ತಂಡಕ್ಕೆ ಸರ್ವಮಾನ್ಯವಾದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂಬುದಿಲ್ಲ. ನಮ್ಮಲ್ಲಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಏಣಿಯ ತುದಿಯಲ್ಲಿ ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ನಿನ ರಾಷ್ಟ್ರೀಯ ಕೂಟವಿದೆ, ಮತ್ತು ಅಲ್ಲಿಗೆ ಹೋಗುವುದು ಯಾವುದೋ ಒಂದು ಶಾಲೆಯಲ್ಲ, ಕರ್ನಾಟಕದ ಆಯ್ದ ತಂಡ. ನಿಮ್ಮ ಶಾಲೆಯ ಹುಡುಗಿಯನ್ನು ಸರ್ಕಾರಿ ಶಾಲೆಗಳ ಕೂಟದಲ್ಲಷ್ಟೇ ಓಡಿಸಿದರೆ ಆಯ್ಕೆಗಾರರ ಎದುರು ಅವಳ ಸಮಯಕ್ಕೆ ಯಾರೊಂದಿಗೆ ಹೋಲಿಕೆ? ‘ಸರ್ಕಾರಿ ಶಾಲೆಗಳಲ್ಲಿ ಮೊದಲು’ ಎಂಬ ಪ್ರಮಾಣಪತ್ರಕ್ಕೆ ಎರಡನೆಯ ದರ್ಜೆಯ ಬೆಲೆ ಬಂದೀತೆಂಬ ಭಯ ನನಗಿದೆ.

ಜೊತೆಗೆ, ನಮ್ಮಲ್ಲಿ ಶಾಲೆಗಳು ಎರಡು ಜಾತಿಯಲ್ಲ. ಸರ್ಕಾರಿ, ಅನುದಾನಿತ, ಅನುದಾನರಹಿತ ಎಂದು ಮೂರು. ಹಳ್ಳಿಯ ಅನುದಾನಿತ ಪ್ರೌಢಶಾಲೆಯನ್ನು ಯಾವ ಕಡೆ ನಿಲ್ಲಿಸುವಿರಿ? ಪ್ರವೇಶ ಪರೀಕ್ಷೆಯಿಂದ ಮಕ್ಕಳನ್ನು ಆರಿಸಿಕೊಳ್ಳುವ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕ್ರೀಡಾ ವಸತಿ ನಿಲಯದ ಮಕ್ಕಳು ಓದುವ ಸರ್ಕಾರಿ ಪ್ರೌಢಶಾಲೆ, ಇವು ಒಡೆತನದಲ್ಲಿ ಸರ್ಕಾರದವು, ಆದರೆ ಲೂಸಿಯಾನದವರ ಲೆಕ್ಕದಲ್ಲಿ ‘ಸೆಲೆಕ್ಟ್’ ಶಾಲೆಗಳಾದಾವು. ಬೆಳಿಗ್ಗೆ ಸಂಜೆ ಎರಡು ಹೊತ್ತು ತರಬೇತಿ ಪಡೆಯುವ ವಸತಿ ನಿಲಯದ ಓಟಗಾರ್ತಿಯ ಎದುರು ನಿಮ್ಮ ವಿದ್ಯಾರ್ಥಿನಿಯನ್ನು ‘ಸರ್ಕಾರಿ ವಿಭಾಗ’ದಲ್ಲಿ ನಿಲ್ಲಿಸಿದರೆ ಅವಳ ಪಾಡು ಈಗಿನದಕ್ಕಿಂತ ಸುಧಾರಿಸುವುದಿಲ್ಲ. ಬೆಂಗಳೂರಿನಂಥ ಕಡೆ ಈಜು, ಟೆನಿಸ್ ಕಲಿಸುವುದು ಶಾಲೆಯೇ ಅಲ್ಲ, ಖಾಸಗಿ ಅಕಾಡೆಮಿ. ಶಾಲೆ ಅರ್ಜಿಯ ಮೇಲಿನ ಹೆಸರು ಮಾತ್ರ.

ನಮ್ಮಲ್ಲೂ ಒಂದು ಬಗೆಯ ಪ್ರತ್ಯೇಕತೆ ಆಗಲೇ ಇದೆ, ನಾವು ಗಮನಿಸಿಲ್ಲ ಅಷ್ಟೆ. ಕೇಂದ್ರೀಯ ವಿದ್ಯಾಲಯ, ನವೋದಯ, ಸಿಬಿಎಸ್‌ಇ ಶಾಲೆಗಳು ರಾಷ್ಟ್ರೀಯ ಶಾಲಾ ಕೂಟಕ್ಕೆ ತಮ್ಮದೇ ಘಟಕಗಳಾಗಿ ತಂಡ ಕಳಿಸುತ್ತವೆ. ಗೆರೆ ಬಿದ್ದಿರುವುದು ಒಡೆತನದ ಮೇಲಲ್ಲ, ಮಂಡಳಿಯ ಮೇಲೆ.

ನಿಮ್ಮ ತಾಲ್ಲೂಕಿನಲ್ಲಿ ಕೇಳಬೇಕಾದದ್ದು ಎರಡು ಎಂದು ನನಗನ್ನಿಸುತ್ತದೆ. ಓಹಾಯೊದವರಂತೆ ತಂಡದ ಪಟ್ಟಿಯನ್ನೇ ನೋಡಿ, ಕೂಟಕ್ಕೆ ಕೆಲವೇ ತಿಂಗಳ ಮೊದಲು ವರ್ಗಾವಣೆ ಪತ್ರ ತಂದು ಸೇರಿದ ಆಟಗಾರರು ಒಂದು ತಂಡದಲ್ಲಿ ಎಷ್ಟು ಜನ ಇರಬಹುದೆಂಬ ಮಿತಿ ಒಂದು. ಇದು ಎಲ್ಲ ಬಗೆಯ ಶಾಲೆಗೂ ಅನ್ವಯವಾಗಲಿ. ಇನ್ನೊಂದು, ಸ್ಪೈಕ್ ಶೂ. ತಾಲ್ಲೂಕಿಗೆ ಬೇರೆ ಬೇರೆ ಅಳತೆಯ ಇಪ್ಪತ್ತು ಜೊತೆ ಇದ್ದರೆ ಓಟದ ದಿನ ಸರದಿಯಲ್ಲಿ ಎಲ್ಲ ಮಕ್ಕಳಿಗೂ ಕೊಡಬಹುದು. ಕೊಡುವ ಮುನ್ನ ಎರಡು ವಾರವಾದರೂ ಅವುಗಳಲ್ಲಿ ಓಡಿ ಅಭ್ಯಾಸವಾಗಿರಲಿ. ಹೊಸ ಸ್ಪೈಕ್‌ನಲ್ಲಿ ಮೊದಲ ದಿನವೇ ಸ್ಪರ್ಧೆಗೆ ಇಳಿದವರು ಬರಿಗಾಲಿನವರಿಗಿಂತ ಹಿಂದೆ ಬೀಳಬಹುದು.