ಲೋಟ ತೊಳೆಯುವ ಸರದಿ ಯಾರದು?
ಸಹೋದರಿ, ಡೊಂಬಿವಲಿಯಿಂದ ಲೋಕಲ್ ಹಿಡಿದು ಮುಂಬೈಯ ಕನ್ನಡ ಕ್ರೈಸ್ತ ಸಭೆಗೆ ಬರುವ ನಿಮಗೇ ಪ್ರತಿ ವಾರವೂ ಚಹಾದ ಲೋಟ ತೊಳೆಯುವ ಕೆಲಸ. ಕೇಳಿದರೆ ಹಿರಿಯರು "ದೀನತೆ ಕಲಿ" ಎನ್ನುತ್ತಾರೆ, ಸುಮ್ಮನಿರಲೇ ಎಂದು ಕೇಳಿದ್ದೀರಿ. ಸುಮ್ಮನಿರಬೇಡಿ. ಬೈಬಲ್ಲಿನ ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಊಟದಿಂದೆದ್ದು, ನಡುವಿಗೆ ಕೈಪಾವಡ ಕಟ್ಟಿ, ಬೋಗುಣಿಯಲ್ಲಿ ನೀರು ಹಾಕಿ ಕಾಲು ತೊಳೆದವನು ಗುರುವಾದ ಯೇಸು, ಶಿಷ್ಯರಲ್ಲ. ಅವನನ್ನು ವೈರಿಗಳಿಗೆ ಹಿಡಿದುಕೊಡಲಿದ್ದ ಶಿಷ್ಯ ಯೂದನೂ ಆ ಪಂಕ್ತಿಯಲ್ಲಿದ್ದ! ನೀವೂ ಒಬ್ಬರ ಕಾಲನ್ನೊಬ್ಬರು ತೊಳೆಯಬೇಕು ಎಂದು ಯೇಸು ಹೇಳಿದನೇ ಹೊರತು ಕಿರಿಯರಷ್ಟೇ ತೊಳೆಯಲಿ ಎನ್ನಲಿಲ್ಲ. ದೀನತೆ ಎಂದರೆ ಸುಮ್ಮನಿರುವುದೂ ಅಲ್ಲ: ತನ್ನನ್ನು ಬಂಧಿಸಿ ನಡೆಸಿದ ವಿಚಾರಣೆಯಲ್ಲಿ ಓಲೇಕಾರನೊಬ್ಬ (ಕಾವಲಿನವ) ಹೊಡೆದಾಗ "ಯಾಕೆ ಹೊಡೆಯುತ್ತೀ?" ಎಂದು ಕೇಳಿದವನೂ ಅದೇ ಯೇಸು (ಯೋಹಾನ 18:23). ಲೋಟ ತೊಳೆಯುವುದನ್ನು ಬಿಡಬೇಡಿ, ಆದರೆ ಸಭಾಪಾಲಕರ ಬಳಿ ಸರದಿಪಟ್ಟಿ ಕೇಳಿ. ಮೊದಲ ಹೆಸರು ಆ ಹಿರಿಯರದೇ ಇರಲಿ.